ದುಡ್ಡು ಕೊಡುವುದು ಮೆಗಾಪಿಕ್ಸೆಲ್‌ಗಲ್ಲ ಮಾರಾಯ್ರೆ

(ಉಡುಪಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಕ್ಕಿ ಫೋಟೋ ತೆಗೆಯುವ ನಲವತ್ತು ಐವತ್ತು ಜನರ ಎದುರು ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆದದ್ದನ್ನು ಕೇಳಿಕೊಂಡು ಬರೆದಿದ್ದೇನೆ, ಹೇಳಿದ್ದನ್ನೇ ಎರಡೆರಡು ಸಲ ಹೇಳಿದ ಕಡೆ ಕತ್ತರಿಸಿದ್ದೇನೆ. ಮೈಕ್ ಕೈಕೊಟ್ಟ ಐದು ನಿಮಿಷ ಇದರಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ. ನಾನು ಯಾವ ಕಂಪನಿಯವನೂ ಅಲ್ಲ, ಅಂಗಡಿಯವನೂ ಅಲ್ಲ, ಇದನ್ನು ಮೊದಲೇ ಹೇಳಿಬಿಡ್ತೇನೆ ಯಾಕಂದ್ರೆ ಇವತ್ತು ಸೋನಿ, ನಿಕಾನ್, ಕ್ಯಾನನ್ ಅಂತ ಸುಮಾರು ಸಲ ಬಾಯಿಗೆ ಬರ್ತದೆ. ನನ್ನ ಕೈಯಲ್ಲಿ ಇರುವುದು ನಿಕಾನ್ ಝಡ್8 ಕ್ಯಾಮೆರಾ. ಉಳಿದವು ಫ್ರೆಂಡ್ಸ್ ಹತ್ತಿರ ಕಾಡಿ ಬೇಡಿ ಒಂದೊಂದು ದಿನಕ್ಕೆ ತಂದು ನೋಡಿದ್ದು.

ನನಗೆ ವಾರಕ್ಕೊಂದು ಫೋನ್ ಬರ್ತದೆ, "ಅಣ್ಣ, ಹಕ್ಕಿ ಫೋಟೋಗೆ ಎಷ್ಟು ಮೆಗಾಪಿಕ್ಸೆಲ್ ಬೇಕು?" ಅಂತ. ಅವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುವುದುಂಟು. ಸೋನಿಯಲ್ಲಿ ಎ7ಆರ್5 ಅಂತ ಒಂದುಂಟು, 61 ಮೆಗಾಪಿಕ್ಸೆಲ್. ಅದೇ ಸೋನಿಯಲ್ಲಿ ಎ9 ಮಾರ್ಕ್ 3 ಅಂತ ಇನ್ನೊಂದುಂಟು, ಬರೀ 24. ಈಗ ಹೇಳಿ ಯಾವುದಕ್ಕೆ ರೇಟ್ ಜಾಸ್ತಿ? 24ರದ್ದಕ್ಕೆ! ಅದೂ ಸ್ವಲ್ಪಸ್ವಲ್ಪ ಅಲ್ಲ, ಲಕ್ಷದ ಲೆಕ್ಕದಲ್ಲಿ ಜಾಸ್ತಿ. ಹಾಗಾದ್ರೆ ಆ ಹೆಚ್ಚಿನ ದುಡ್ಡು ಯಾತಕ್ಕೆ? ಇವತ್ತಿನ ನನ್ನ ಮಾತು ಇಷ್ಟೇ, ಅದು ಸೆನ್ಸರ್, ಅಂದ್ರೆ ಬೆಳಕು ಹಿಡಿದು ಫೋಟೋ ಮಾಡುವ ಚಿಪ್, ಓದುವ ಸ್ಪೀಡಿಗೆ. ಹೈ ಎಂಡ್ ಮಿರರ್‌ಲೆಸ್, ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಅಂತ ಏನು ಮಾರ್ತಾರಲ್ಲ, ಮೂರು ಲಕ್ಷದಿಂದ ಆರು ಲಕ್ಷದ ತನಕ, ಅದರಲ್ಲಿ ನೀವು ಹೆಚ್ಚಾಗಿ ಕೊಂಡುಕೊಳ್ಳುವುದು ಆ ಒಂದು ಗುಣವನ್ನು.

ಓದುವುದು ಅಂದ್ರೆ ಎಂಥದು? ಜೆರಾಕ್ಸ್ ಅಂಗಡಿಗೆ ಹೋಗಿದ್ದೀರಲ್ಲ, ಮೆಷಿನ್ ಒಳಗೆ ಲೈಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತದೆ, ಅದು ಹೋಗ್ತಾ ಇರುವಾಗ ಪೇಪರನ್ನು ಚೂರು ಎಳೆದ್ರೆ ಅಕ್ಷರ ಎಲ್ಲ ಉದ್ದ ಆಗಿ ಓರೆ ಆಗಿ ಬರ್ತದೆ. ಎಲೆಕ್ಟ್ರಾನಿಕ್ ಶಟರ್, ಅಂದ್ರೆ ಪರದೆ ಓಡದೆ ಸೆನ್ಸರೇ ಓದಿ ಫೋಟೋ ತೆಗೆಯುವುದು, ಕೆಲಸ ಮಾಡುವುದೂ ಹಾಗೇ. ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದ್ತಾ ಬರ್ತದೆ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಹಕ್ಕಿ ರೆಕ್ಕೆ ಬಡಿದು ಆಯ್ತು. ಎ7ಆರ್5 ಒಂದು ಫ್ರೇಮ್ ಪೂರ್ತಿ ಓದ್ಲಿಕ್ಕೆ ಹತ್ತಿರ ಹತ್ತಿರ 1/10 ಸೆಕೆಂಡ್ ತಗೊಳ್ತದೆ. ಕ್ಯಾನನ್ ಆರ್7 ಸುಮಾರು 1/30. ನಿಕಾನ್ ಝಡ್9, ಝಡ್8, ಸೋನಿ ಎ1, ಇವೆಲ್ಲ 1/250ರ ಆಸುಪಾಸಿನಲ್ಲಿ ಮುಗಿಸ್ತವೆ. 2023ರಲ್ಲಿ ಬಂದ ಆ ಎ9 ಮಾರ್ಕ್ 3ರಲ್ಲಿ ಸಾಲು ಗೀಲು ಏನಿಲ್ಲ, ಗ್ಲೋಬಲ್ ಶಟರ್, ಪೂರ್ತಿ ಸೆನ್ಸರ್ ಒಂದೇ ಸಲಕ್ಕೆ. ಅದಕ್ಕೆ ಅದು ಸೆಕೆಂಡಿಗೆ 120 ಫೋಟೋ ತೆಗೀತದೆ. ಪುಕ್ಕಟೆ ಅಲ್ಲ ಮತ್ತೆ, ಅದರ ಬೇಸ್ ಐಎಸ್‌ಒ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ, ಶುರುವಾಗುವುದೇ 250ಕ್ಕೆ, ನೆರಳು ಬೆಳಕಿನ ಹರವಿನಲ್ಲಿ ಚೂರು ಕಳ್ಕೊಳ್ತೀರಿ.

ಮಲ್ಪೆ ಬಂದರಿನಲ್ಲಿ ನನಗೆ ಇದು ಗೊತ್ತಾದದ್ದು ಹೇಗೆ ಅಂದ್ರೆ, ಬೋಟಿನಿಂದ ಮೀನು ಇಳಿಸುವ ಹೊತ್ತಿಗೆ ಗರುಡಗಳು ಒಂದರ ಮೇಲೊಂದು ಎರಗ್ತವಲ್ಲ, ಫ್ರೆಂಡಿನ ಕ್ಯಾಮೆರಾ ಹಿಡ್ಕೊಂಡು, ಸದ್ದಿಲ್ಲದ ಶಟರ್ ಉಂಟು ಅಂತ ಖುಷಿಯಲ್ಲಿ ಎಲೆಕ್ಟ್ರಾನಿಕ್‌ಗೆ ಹಾಕಿ ಇನ್ನೂರು ಚಿಲ್ಲರೆ ಫೋಟೋ ಹೊಡೆದೆ, 1/3200 ಶಟರ್ ಸ್ಪೀಡು ಬೇರೆ, ಇನ್ನೆಂಥ ಬೇಕು ಅಂತ. ಮನೆಗೆ ಬಂದು ನೋಡಿದ್ರೆ ಕಣ್ಣು ಶಾರ್ಪ್, ಕೊಕ್ಕು ಶಾರ್ಪ್, ಆದ್ರೆ ಗರುಡನ ರೆಕ್ಕೆ ಹಪ್ಪಳ ಎಣ್ಣೆಗೆ ಬಿದ್ದ ಹಾಗೆ ಸೊಟ್ಟ. ಶಟರ್ ಸ್ಪೀಡ್ ಬೇರೆ, ಓದುವ ಸ್ಪೀಡ್ ಬೇರೆ. 1/3200 ಅಂದ್ರೆ ಒಂದೊಂದು ಸಾಲಿಗೆ ಬೆಳಕು ಬಿದ್ದ ಹೊತ್ತು. ಸಾಲುಗಳೆಲ್ಲ ಓದಿ ಮುಗಿಯುವ ಹೊತ್ತು ಅದಲ್ಲ. ನಿಮ್ಮದು ನಿಧಾನ ಓದುವ ಕ್ಯಾಮೆರಾ ಆದ್ರೆ ಹಾರುವ ಹಕ್ಕಿಗೆ ಪರದೆ ಓಡುವ ಮೆಕ್ಯಾನಿಕಲ್ ಶಟರ್ ಹಾಕಿ, ಮುಗೀತು. ಝಡ್8, ಝಡ್9ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಅಷ್ಟು ಧೈರ್ಯ ನಿಕಾನ್‌ನವರಿಗೆ ಆ ಸ್ಪೀಡ್ ಮೇಲೆ.

ಅಷ್ಟು ಬೇಗ ಓದುವುದು ಹೇಗೆ? ನಮ್ಮ ಮದುವೆ ಊಟದ ಪಂಕ್ತಿ ನೆನಪು ಮಾಡ್ಕೊಳ್ಳಿ. ಬಡಿಸುವವರು ಪ್ರತಿ ಸೌಟಿಗೂ ಅಡುಗೆಮನೆಗೆ ಹೋಗಿ ಬಂದ್ರೆ ಕೊನೆಯ ಎಲೆಯವನಿಗೆ ಸಾರು ಸಿಗುವಾಗ ಮೊದಲನೆಯವನು ಕೈ ತೊಳೆದು ಬೀಡ ಹಾಕಿ ಆಗಿರ್ತದೆ. ಸಾರಿನ ಬಕೆಟ್ ಕೈಯಲ್ಲೇ ಹಿಡ್ಕೊಂಡ್ರೆ ಸರಸರ ಆಗ್ತದೆ. ಸ್ಟ್ಯಾಕ್ಡ್ ಸೆನ್ಸರ್ ಅಂದ್ರೆ ಅದೇ ಬಕೆಟ್, ಬೆಳಕು ಹಿಡಿಯುವ ಪದರದ ಬೆನ್ನಿಗೇ ಮೆಮೊರಿ ಅಂಟಿಸಿದ್ದು. 2017ರಲ್ಲಿ ಸೋನಿ ಎ9ರಲ್ಲಿ ಇದು ಬಂತು, ಸೆಕೆಂಡಿಗೆ 20 ಫೋಟೋ, ತೆಗೆಯುವಾಗ ನಡುವೆ ಕಪ್ಪಾಗುವುದಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಟಕ್ ಟಕ್ ಅಂತ ಎದ್ದು ಬೀಳುವಾಗ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕತ್ತಲಾಗ್ತಿತ್ತಲ್ಲ, ಆ ಕತ್ತಲೆಯ ಒಳಗೇ ನಾವು ಅಂದಾಜಿನಲ್ಲಿ ಗರುಡನ ಹಿಂದೆ ತಿರುಗ್ತಿದ್ದದ್ದು, ಈಗ ಸಿನಿಮಾ ನೋಡಿದ ಹಾಗೆ ನೋಡ್ತಾ ಇರಬಹುದು. ಫೋಕಸ್ ಕೂಡ ಇದರಿಂದಲೇ. ಎ9 ಸೆಕೆಂಡಿಗೆ 60 ಸಲ ಫೋಕಸ್ ಲೆಕ್ಕ ಹಾಕ್ತಿತ್ತು, 2021ರ ಎ1 ಬರುವಾಗ ಅದು 120 ಆಯ್ತು, ಜೊತೆಗೆ ಹಕ್ಕಿಯ ಕಣ್ಣನ್ನೇ ಹುಡುಕುವ ಆಟೋಫೋಕಸ್. ಕ್ಯಾನನ್‌ನವರು ಅದಕ್ಕಿಂತ ಮೊದಲೇ, 2020ರ ಆರ್5ರಲ್ಲಿ, ನಾಯಿ ಬೆಕ್ಕಿನ ಜೊತೆ ಹಕ್ಕಿಯನ್ನೂ ಸೇರಿಸಿದ್ರು. ಸೆನ್ಸರ್ ಎಷ್ಟು ಬೇಗ ಓದಿ ಕೊಡ್ತದೋ ಫೋಕಸ್‌ಗೆ ಅಷ್ಟು ತಾಜಾ ಸುದ್ದಿ ಸಿಗ್ತದೆ, ನಿನ್ನೆಯ ಪೇಪರ್ ಓದಿಕೊಂಡು ಇವತ್ತಿನ ಹಕ್ಕಿ ಹಿಡಿಯುವುದು ಕಷ್ಟ.

ಇನ್ನೊಂದು, ಇದು ಹಕ್ಕಿ ಅಲ್ಲ ಆದ್ರೂ ಹೇಳ್ತೇನೆ, ಯಾಕಂದ್ರೆ ನಮ್ಮೂರಲ್ಲಿ ಹಗಲು ಹಕ್ಕಿ ತೆಗೆಯುವವರೇ ರಾತ್ರಿ ಯಕ್ಷಗಾನಕ್ಕೆ, ಕಂಬಳಕ್ಕೆ ಹೋಗುವುದು. ಎಲ್‌ಇಡಿ ಲೈಟ್ ನಮ್ಮ ಕಣ್ಣಿಗೆ ಒಂದೇ ಸಮ ಉರಿದ ಹಾಗೆ ಕಾಣ್ತದೆ, ನಿಜದಲ್ಲಿ ಸುಮಾರು ಲೈಟುಗಳು ಮಿಣಮಿಣ ಅಂತಿರ್ತವೆ. ನಿಧಾನ ಓದುವ ಸೆನ್ಸರಿನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಕಿರೀಟದಿಂದ ಗೆಜ್ಜೆ ತನಕ ಬಣ್ಣದ ವೇಷಕ್ಕೆ ಅಡ್ಡ ಅಡ್ಡ ಪಟ್ಟೆ. ನನ್ನ ಹತ್ತಿರ ಅಂಥ ಒಂದು ಇಡೀ ಪ್ರಸಂಗ ಉಂಟು, ಯಾರಿಗೂ ತೋರಿಸಿಲ್ಲ.

ಈಗ ನನಗೆ ಬಹಳ ಇಷ್ಟದ ವಿಷಯಕ್ಕೆ ಬರ್ತೇನೆ, ಪ್ರೀ ಕ್ಯಾಪ್ಚರ್. ಕೋಡಿ ಬೇಂಗ್ರೆ ಕಡೆ ಹೋದವರು ಇದ್ದೀರಲ್ಲ, ಸೀತಾ ಸ್ವರ್ಣಾ ಎರಡೂ ಹೊಳೆ ಸಮುದ್ರ ಸೇರುವಲ್ಲಿ. ಹಿನ್ನೀರಿನ ಬದಿ ಒಂದು ಕಂಬದ ಮೇಲೆ ಕಪ್ಪುಬಿಳಿ ಮಿಂಚುಳ್ಳಿ ಕೂತಿದೆ ಅಂತ ಇಟ್ಕೊಳ್ಳಿ. ನೀವು ಬೆರಳಿಟ್ಟು ಕಾಯ್ತಾ ಇದ್ದೀರಿ. ಅದು ಹಾರಿತು ಅಂತ ಕಣ್ಣು ನೋಡಿ ತಲೆಗೆ ಹೇಳಿ ತಲೆ ಬೆರಳಿಗೆ ಹೇಳುವಾಗ ಕಾಲು ಸೆಕೆಂಡ್ ಹತ್ತಿರ ಹೋಯ್ತು. ಸೆಕೆಂಡಿಗೆ 30 ಫೋಟೋ ಲೆಕ್ಕದಲ್ಲಿ ಏಳು ಫ್ರೇಮ್ ಹೋಯ್ತು, ಆ ಏಳರಲ್ಲೇ ಇದ್ದದ್ದು ನಿಮಗೆ ಬೇಕಾದ ರೆಕ್ಕೆ ಬಿಚ್ಚಿದ ಫೋಟೋ, ನಿಮಗೆ ಸಿಕ್ಕಿದ್ದು ಖಾಲಿ ಕಂಬ. ನನ್ನ ಹಳೇ ಹಾರ್ಡ್ ಡಿಸ್ಕ್ ತುಂಬ ಖಾಲಿ ಕಂಬಗಳೇ ಮಾರಾಯ್ರೆ, ಮೆಸ್ಕಾಂನವರಿಗೆ ಕೊಟ್ರೆ ಸರ್ವೆಗೆ ಆಗ್ತದೆ.

ಪ್ರೀ ಕ್ಯಾಪ್ಚರ್‌ನಲ್ಲಿ ಶಟರ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾ ಒಳಗೊಳಗೇ ತೆಗೀತಾ ಹಳೆಯದನ್ನು ಬಿಸಾಡ್ತಾ ಇರ್ತದೆ. ಪೂರ್ತಿ ಒತ್ತಿದ ಕ್ಷಣ ಅದರ ಹಿಂದಿನ ಅರ್ಧ ಸೆಕೆಂಡಿನದ್ದನ್ನೂ ಕಾರ್ಡಿಗೆ ಹಾಕ್ತದೆ. ಒಲಿಂಪಸ್‌ನವರು ಇದನ್ನು 2016ರಲ್ಲೇ ಕೊಟ್ಟಿದ್ರು, ಸಣ್ಣ ಸೆನ್ಸರ್ ಅಂತ ನಾವೆಲ್ಲ ಆಗ ತಲೆ ಹಾಕ್ಲಿಲ್ಲ. ಈಗ ಕ್ಯಾನನ್ ಆರ್5 ಮಾರ್ಕ್ 2ರಲ್ಲಿ ಅರ್ಧ ಸೆಕೆಂಡ್, ಅದೂ ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಇರುವ ರಾ ಫೈಲಲ್ಲೇ. ಸೋನಿ ಎ9 ಮಾರ್ಕ್ 3, ಎ1 ಮಾರ್ಕ್ 2ರಲ್ಲಿ ಒಂದು ಸೆಕೆಂಡ್ ತನಕ. ನನ್ನ ಝಡ್8ರಲ್ಲಿ ಬರೀ ಜೆಪೆಗ್, ಇದು ನನಗೆ ಈಗಲೂ ಹೊಟ್ಟೆ ಉರಿ. ಜೆಪೆಗ್ ಅಂದ್ರೆ ಎಕ್ಸ್‌ಪೋಶರ್ ಅಲ್ಲೇ ಸರಿ ಇರಬೇಕು. ಬಿಸಿಲಿನ ಬೆಳ್ಳಕ್ಕಿಗೆ ಒಂದು ಸ್ಟಾಪ್, ಅಂದ್ರೆ ಬೆಳಕು ಎರಡರಷ್ಟು, ಹೆಚ್ಚಾದ್ರೆ ಮೈ ಮೇಲಿನ ಗರಿ ಎಲ್ಲ ಸುಣ್ಣ ಬಳಿದ ಗೋಡೆ, ಆಮೇಲೆ ಎಷ್ಟು ಎಳೆದ್ರೂ ವಾಪಸ್ ಬರುವುದಿಲ್ಲ. ಅಲ್ಲಿ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕಾಪಾಡ್ತದೆ, ತೆಗೆಯುವ ಮೊದಲೇ ಫೋಟೋ ಹೇಗೆ ಬರ್ತದೆ ಅಂತ ಕಾಣ್ತದೆ. ಬೆಳಕು ಕತ್ತಲೆ ಎಷ್ಟೆಷ್ಟು ಅಂತ ತೋರಿಸುವ ಹಿಸ್ಟೋಗ್ರಾಂ ಆನ್ ಇಟ್ಕೊಳ್ಳಿ, ಬಿಳಿ ಹಕ್ಕಿ ಕಪ್ಪು ಹಿನ್ನೆಲೆ ಆದ್ರೆ ಎಕ್ಸ್‌ಪೋಶರ್ ಮೈನಸ್ ಮಾಡ್ಲಿಕ್ಕೆ ಹೆದರಬೇಡಿ.

ಕೆಲವರು ಇದು ಮೋಸ, ಬಟನ್ ಒತ್ತುವ ಮೊದಲಿನ ಫೋಟೋ ನಿಮ್ಮದು ಹೇಗಾಗ್ತದೆ ಅಂತ ಕೇಳ್ತಾರೆ. ನನಗೆ ಹಾಗೆ ಅನಿಸ್ಲಿಲ್ಲ. ಯಾವ ಕಂಬ, ಇಳಿತ ಎಷ್ಟು ಗಂಟೆಗೆ, ಆಗ ಬಿಸಿಲು ಯಾವ ಕಡೆಯಿಂದ, ಹಕ್ಕಿ ಗಾಳಿಗೆ ಮುಖ ಮಾಡಿ ಹಾರುವುದರಿಂದ ನಾನು ಎಲ್ಲಿ ಕೂರಬೇಕು, ಇದೆಲ್ಲ ನಾನೇ ನೋಡ್ಕೊಳ್ಳಬೇಕು ತಾನೆ. ಕಾಲು ಸೆಕೆಂಡಿನ ಸಾಲ ಮಾತ್ರ ಕ್ಯಾಮೆರಾದ್ದು.

ಸರಿ, ಇಷ್ಟೆಲ್ಲ ಹೊಗಳಿದೆ, ಈಗ ಬಯ್ಯುವುದು.

ಮಲ್ಪೆಯಲ್ಲಿ ನೀವೇ ನೋಡಿ, ಬೋಟಿನ ಹಗ್ಗ, ಬಾವುಟ, ಬಲೆಯ ರಾಶಿ, ಕಂಬ. ಹಕ್ಕಿ ಕಣ್ಣು ಹುಡುಕುವ ಎಷ್ಟೇ ಬುದ್ಧಿವಂತ ಫೋಕಸ್ ಆದ್ರೂ ಪೂರ್ತಿ ಫ್ರೇಮ್ ಬಿಟ್ಟುಕೊಟ್ರೆ ಬಲೆಗೆ ಕಟ್ಟಿದ ತೇಲುವ ಬಿಳಿ ಬುರುಡೆಯನ್ನು ಕಣ್ಣು ಅಂತ ಹಿಡ್ಕೊಂಡು ಕೂರ್ತದೆ. ಅಲ್ಲಿ ಫೋಕಸ್ ಏರಿಯಾ ಸಣ್ಣ ಮಾಡಿ, ಹಕ್ಕಿ ಮೇಲೆ ನೀವೇ ಇಟ್ಟು ಆಮೇಲೆ ಅದರ ಕೈಗೆ ಕೊಡಿ. ಇನ್ನೊಂದು, ಹತ್ತಿರದ ಎಲೆಗೆ ಫೋಕಸ್ ಆಗಿ ನಿಂತ ಲೆನ್ಸ್ ದೂರದ ಹಕ್ಕಿಯನ್ನು ನೋಡುವುದೇ ಇಲ್ಲ, ಎಲ್ಲ ಮಬ್ಬು, ಬಟನ್ ಎಷ್ಟು ಒತ್ತಿದ್ರೂ ಕದಲುವುದಿಲ್ಲ. ಡಿಎಸ್‌ಎಲ್‌ಆರ್ ಇದರಲ್ಲಿ ವಾಸಿ ಇತ್ತು. ಹಕ್ಕಿ ಬರುವ ಮೊದಲೇ ಅಷ್ಟೇ ದೂರದ ಕೊಂಬೆಗೋ ಕಲ್ಲಿಗೋ ಫೋಕಸ್ ಮಾಡಿ ಇಟ್ಕೊಳ್ಳುವ ಅಭ್ಯಾಸ ಬೇಕು. ಮತ್ತೆ ನಿದ್ದೆ. ಬ್ಯಾಟರಿ ಉಳಿಸ್ಲಿಕ್ಕೆ ಕ್ಯಾಮೆರಾ ಮಲಗ್ತದೆ, ಮಿಂಚುಳ್ಳಿ ಬಂತು ಅಂತ ಕಣ್ಣಿಗೆ ಹಿಡಿದ್ರೆ ವ್ಯೂಫೈಂಡರ್ ಕಪ್ಪು, ಏಳುವಷ್ಟರಲ್ಲಿ ಮೀನೂ ಇಲ್ಲ ಮಿಂಚುಳ್ಳಿಯೂ ಇಲ್ಲ. ಸ್ಟ್ಯಾಂಡ್‌ಬೈ ಟೈಮ್ ಉದ್ದ ಮಾಡಿ, ಮೂರು ಬ್ಯಾಟರಿ ಇಟ್ಕೊಳ್ಳಿ.

ಫೈಲ್ ಸೈಜಿನ ಕಷ್ಟ ಬೇರೆ. 45 ಮೆಗಾಪಿಕ್ಸೆಲ್ ರಾ ಒಂದಕ್ಕೆ 50 ಎಂಬಿ ಅಂತ ಹಿಡಿದ್ರೆ ಸೆಕೆಂಡಿಗೆ 20ರ ಹಾಗೆ ಒತ್ತಿ ಹಿಡಿದ ಪ್ರತಿ ಸೆಕೆಂಡಿಗೂ 1 ಜಿಬಿ. ಬೆಳಿಗ್ಗೆ ಎರಡು ಗಂಟೆ ಮಲ್ಪೆಯಲ್ಲಿದ್ರೆ ಮೂರು ಸಾವಿರ ಫೋಟೋ ಏನೂ ಅಲ್ಲ, ರಾತ್ರಿ ಕೂತು ಅದರಲ್ಲಿ ಎರಡು ಸಾವಿರದ ಒಂಬೈನೂರ ಎಂಬತ್ತು ಡಿಲೀಟ್ ಮಾಡಬೇಕು. ನನ್ನ ಹೆಂಡತಿ ಕೇಳ್ತಾಳೆ, ಒಂದೇ ಗರುಡನನ್ನು ಎಷ್ಟು ಸಲ ನೋಡ್ತೀರಿ ಅಂತ. ಕೂತ ಹಕ್ಕಿಗೆ ಸೆಕೆಂಡಿಗೆ ಐದು ಸಾಕು ಆಯ್ತಾ, 20ರಲ್ಲಿ ಹೊಡೀಬೇಡಿ.

ಇನ್ನು ಈ ಕಂಪನಿಗಳ ಯಾವ ಬ್ರೋಶರ್‌ನಲ್ಲೂ ನಮ್ಮ ಊರಿನ ಹವೆಯ ಬಗ್ಗೆ ಇರುವುದಿಲ್ಲ. ನನ್ನ ಮೊದಲ ಟೆಲಿ ಲೆನ್ಸನ್ನು ಮಳೆಗಾಲ ಪೂರ್ತಿ ಬ್ಯಾಗಲ್ಲಿ ಹಾಕಿ ಕಪಾಟಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದೆ, ಭದ್ರ ಇರಲಿ ಅಂತ. ಚೌತಿ ಹೊತ್ತಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ಒಳಗಿನ ಗ್ಲಾಸಿನಲ್ಲಿ ಜೇಡರ ಬಲೆ ಹಾಗೆ ಫಂಗಸ್. ಬಟ್ಟೆ, ಚರ್ಮದ ಬ್ಯಾಗು, ಕತ್ತಲೆ, ತೇವ, ಫಂಗಸ್‌ಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ಕ್ಲೀನ್ ಮಾಡಿಸಿದೆ, ಅದರ ಕಾಂಟ್ರಾಸ್ಟ್ ಆಮೇಲೆ ಮೊದಲಿನ ಹಾಗೆ ಬರಲೇ ಇಲ್ಲ. ಮಂಗಳೂರು ಉಡುಪಿಯಲ್ಲಿ ಕ್ಯಾಮೆರಾ ತಗೊಳ್ಳುವವರು ತೇವ ತಡೆಯುವ ಡ್ರೈ ಕ್ಯಾಬಿನೆಟ್‌ಗೂ ಸೇರಿಸಿ ಬಜೆಟ್ ಹಾಕಿ, ಒಳಗೆ ತೇವಾಂಶ 40ರಿಂದ 50 ಪರ್ಸೆಂಟ್ ಇರಲಿ, ತೀರಾ ಒಣಗಿಸುವುದೂ ಬೇಡ. ಅದಕ್ಕೆ ದುಡ್ಡಿಲ್ಲದಿದ್ರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಇನ್ನೂರು ಮುನ್ನೂರರ ಒಂದು ಹೈಗ್ರೋಮೀಟರ್. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು, ಹೆಚ್ಚಿನವರು ಇಟ್ಟದ್ದನ್ನು ಮರೆತೇ ಬಿಡ್ತಾರೆ.

ಕಾರಿನ ಎಸಿಯಿಂದ ಹೊರಗೆ ತೆಗೆದ ಕೂಡಲೇ ಲೆನ್ಸ್ ಮುಖ ಎಲ್ಲ ಮಂಜು, ಹತ್ತು ಹದಿನೈದು ನಿಮಿಷ ಕೆಲಸಕ್ಕೆ ಬರುವುದಿಲ್ಲ, ಒಳ್ಳೆ ಬೆಳಕು ಅಷ್ಟರಲ್ಲಿ ಮುಗೀತು. ಹಕ್ಕಿಗೆ ಹೋಗುವಾಗ ಎಸಿ ಬಂದ್ ಮಾಡಿ ಗ್ಲಾಸ್ ಇಳಿಸಿ. ಸಮುದ್ರ ಬದಿಯಿಂದ ಬಂದ ಮೇಲೆ ಸಿಹಿ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಬಾಡಿ, ಲೆನ್ಸಿನ ಹೊರಮೈ ಒರೆಸಿ, ಉಪ್ಪು ಕೂತದ್ದು ಕಣ್ಣಿಗೆ ಕಾಣುವುದಿಲ್ಲ. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದ್ರೆ ಸೆನ್ಸರ್ ಎದುರಿಗೇ ಇರ್ತದೆ, ಮೊದಲಿನ ಹಾಗೆ ಕನ್ನಡಿ ಅಡ್ಡ ಇಲ್ಲ. ಕೆಲವದರಲ್ಲಿ ಆಫ್ ಮಾಡಿದಾಗ ಪರದೆ ಮುಚ್ಚುವ ಸೆಟ್ಟಿಂಗ್ ಉಂಟು, ಅದನ್ನು ಆನ್ ಮಾಡಿ. ಅದಿದ್ರೂ ಬೀಚಲ್ಲಿ ಗಾಳಿಗೆ ನಿಂತು ಲೆನ್ಸ್ ಬದಲಾಯಿಸುವುದು ಬೇಡವೇ ಬೇಡ. ಮತ್ತೆ ಬೆಳಿಗ್ಗೆ ಒಂಬತ್ತೂವರೆ ಹತ್ತರ ನಂತರ ಮರಳಿನ ಮೇಲೆ ಬಿಸಿ ಗಾಳಿ ಕುಣೀಲಿಕ್ಕೆ ಶುರುವಾದ್ರೆ 800 ಎಂಎಂ ಲೆನ್ಸ್ ಹಾಕಿ ಏನು ಸುಖ ಇಲ್ಲ, ದೂರದ ಹಕ್ಕಿ ಎಲ್ಲ ನೀರೊಳಗೆ ಇದ್ದ ಹಾಗೆ ಬರ್ತದೆ, ಫೋಕಸ್ ತಪ್ಪಿತು ಅಂತ ಕ್ಯಾಮೆರಾಕ್ಕೆ ಬಯ್ಯುವುದು ಬೇಡ. ಮನೆಗೆ ಹೋಗಿ ತಿಂಡಿ ತಿನ್ನಿ.

ಸದ್ದಿಲ್ಲದ ಶಟರ್ ಬಗ್ಗೆ ಒಂದು ಮಾತು ಉಂಟು. ಮೊದಲು ಕ್ಲಿಕ್ ಸದ್ದಿಗೆ ಹಕ್ಕಿ ತಲೆ ಎತ್ತಿ ನೋಡ್ತಿತ್ತು, ಆಗ ಹತ್ತಿರ ಬಂದದ್ದು ಜಾಸ್ತಿ ಆಯ್ತು ಅಂತ ನಮಗೆ ಗೊತ್ತಾಗ್ತಿತ್ತು. ಈಗ ಆ ಸೂಚನೆ ಇಲ್ಲ, ಜನ ಇನ್ನೂ ಇನ್ನೂ ಹತ್ತಿರ ಹೋಗ್ತಾರೆ. ಗೂಡಿನ ಹತ್ತಿರ ಹೋಗುವವರನ್ನು ನಮ್ಮ ಗುಂಪಲ್ಲೇ ನೋಡಿದ್ದೇನೆ, ಹೆಸರು ಹೇಳುವುದಿಲ್ಲ, ಅವರು ಇಲ್ಲೇ ಕೂತಿದ್ದಾರೆ. (ನಗು)

ದುಡ್ಡಿನ ವಿಷಯ ಬೇಗ ಹೇಳ್ತೇನೆ. ಐದು ಲಕ್ಷ ಇದ್ರೆ ಎಲ್ಲವನ್ನೂ ಕ್ಯಾಮೆರಾ ಬಾಡಿಯ ಮೇಲೆ ಸುರಿಯಬೇಡಿ, ಉದ್ದದ ಲೆನ್ಸ್ ಮೊದಲು. ಸೋನಿಯ 200-600, ನಿಕಾನಿನ 180-600, ಕ್ಯಾನನಿನ 100-500 ಅಥವಾ 200-800, ನಮ್ಮಂಥವರಿಗೆ ಇವು. ಬೆಳಕು ಜಾಸ್ತಿ ಬಿಡುವ 600 ಎಫ್4 ಲೆನ್ಸ್ ಹತ್ತು ಲಕ್ಷ ದಾಟ್ತದೆ, ತಗೊಂಡವರು ಇದ್ದಾರೆ, ನನಗೆ ಕೊಡುವುದಿದ್ರೆ ನಾನೂ ತಗೊಳ್ತೇನೆ. ಝಡ್9, ಝಡ್8 ಎರಡರಲ್ಲೂ ಒಂದೇ ಸೆನ್ಸರ್, ಒಂದು 1340 ಗ್ರಾಂ, ಇನ್ನೊಂದು 910. ಸೋಮೇಶ್ವರ, ಆಗುಂಬೆ ಕಡೆ ಕಾಡಲ್ಲಿ ಎರಡು ಕೆಜಿ ಲೆನ್ಸ್ ಜೊತೆ ನಡೆಯುವವನ ಕುತ್ತಿಗೆಗೆ ಆ ನಾನೂರ ಮೂವತ್ತು ಗ್ರಾಂ ಚೆನ್ನಾಗಿ ಗೊತ್ತಾಗ್ತದೆ.

ಪ್ರಶ್ನೆಗಳಲ್ಲಿ ಮೂರು ಮಾತ್ರ ಇಲ್ಲಿ ಹಾಕ್ತಿದ್ದೇನೆ.

ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು, "ಮಳೆಗಾಲದಲ್ಲಿ ಘಟ್ಟದ ಕೆಳಗಿನ ಕಾಡಲ್ಲಿ ಬೆಳಕೇ ಇರುವುದಿಲ್ಲ, ಎಷ್ಟು ಐಎಸ್‌ಒ ತನಕ ಹೋಗಬಹುದು?" ಅಂದ್ರು. ನಾನಂದೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 6400 ಕಣ್ಣು ಮುಚ್ಚಿ ಹೋಗಿ, 12800ಕ್ಕೂ ಹೋಗಿ, ಫೋಟೋದ ಕಾಳುಕಾಳು ನಾಯ್ಸ್ ತೆಗೆಯುವ ಈಗಿನ ಡೀನಾಯ್ಸ್ ಸಾಫ್ಟ್‌ವೇರ್ ಸುಮಾರು ಸರಿ ಮಾಡ್ತದೆ. ಆದ್ರೆ ಫ್ರೇಮಲ್ಲಿ ಹಕ್ಕಿ ಸಾಸಿವೆ ಕಾಳಿನಷ್ಟು ಇದ್ದು ಅದನ್ನು ಕ್ರಾಪ್ ಮಾಡಿ ಎಳೆದ್ರೆ ಗರಿಯ ಬದಲು ಪೇಂಟಿಂಗ್ ಸಿಗ್ತದೆ. ನಾಯ್ಸ್ ತೆಗೀಬಹುದು, ಕೈ ಅಲುಗಿದ್ದನ್ನು ತೆಗೀಲಿಕ್ಕೆ ಆಗುವುದಿಲ್ಲ. ಕೂತ ಹಕ್ಕಿಗೆ 1/500ರ ಕೆಳಗೆ ಹೋಗುವುದಿದ್ರೆ ಎಲ್ಲಿಗಾದ್ರೂ ಒರಗಿ ಕೂತ್ಕೊಳ್ಳಿ ಸರ್.

ಹಿಂದಿನ ಸಾಲಿನ ಹುಡುಗ, ಇಂಜಿನಿಯರಿಂಗ್ ಓದುವವನು, "ಅಣ್ಣ, ನನ್ನ ಹತ್ತಿರ ಅಪ್ಪನ ನಿಕಾನ್ ಡಿ500 ಉಂಟು, ಮಾರಬಹುದಾ?" ಅಂದ. ಮಾರಬೇಡ ಮಾರಾಯ. 2016ರ ಡಿಎಸ್‌ಎಲ್‌ಆರ್, ಸೆಕೆಂಡಿಗೆ 10 ಫೋಟೋ, ಮೆಕ್ಯಾನಿಕಲ್ ಶಟರ್, ರೆಕ್ಕೆ ಕಣ್ಣಿಗೆ ಕಾಣುವಷ್ಟು ಸೊಟ್ಟ ಆಗುವುದಿಲ್ಲ. ಈಗ ಮಾರಿದ್ರೆ ಸಿಗುವ ದುಡ್ಡಿಗೆ ಒಳ್ಳೆ ಟ್ರೈಪಾಡ್ ಬಂದ್ರೆ ನಿನ್ನ ಪುಣ್ಯ. ಕೆಲಸ ಸಿಕ್ಕಿ ಮೊದಲ ಎರಡು ವರ್ಷ ಆಗಲಿ.

ಕೊನೆಗೆ ಒಬ್ಬ ಅಕ್ಕ ಕೇಳಿದ್ದು, "ಈ ಓದುವ ಸ್ಪೀಡು ಡಬ್ಬದ ಮೇಲೆ ಬರ್ದಿರುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ, ನಾವು ಕಂಡುಹಿಡಿಯುವುದು ಹೇಗೆ?"

ಒಳ್ಳೆ ಪ್ರಶ್ನೆ. ಅಂಗಡಿಯಲ್ಲಿ ಫ್ಯಾನ್ ಇರ್ತದಲ್ಲ, ಅದನ್ನು ಫುಲ್ ಸ್ಪೀಡಿಗೆ ಇಡ್ಲಿಕ್ಕೆ ಹೇಳಿ. ಕ್ಯಾಮೆರಾ ಎಲೆಕ್ಟ್ರಾನಿಕ್ ಶಟರ್‌ಗೆ ಹಾಕಿ, 1/2000, ಐಎಸ್‌ಒ ಎಷ್ಟು ಬೇಕೋ ಏರಿಸಿ, ಮೇಲೆ ನೋಡಿ ಒಂದು ಹೊಡೀರಿ. ಫ್ಯಾನ್ ನಿಮಿಷಕ್ಕೆ 300 ಸುತ್ತು ಅಂತ ಹಿಡಿದ್ರೆ ಸೆಕೆಂಡಿಗೆ ಐದು. 1/30ರಲ್ಲಿ ಓದುವ ಸೆನ್ಸರ್ ಒಂದು ಫ್ರೇಮ್ ಮುಗಿಸುವಾಗ ಫ್ಯಾನ್ 60 ಡಿಗ್ರಿ ತಿರುಗಿ ಆಯ್ತು, ರೆಕ್ಕೆ ಬಾಳೆಹಣ್ಣಿನ ಹಾಗೆ ಬಗ್ಗಿ ಬರ್ತದೆ. 1/250 ಆದ್ರೆ ಬರೀ ಏಳು ಡಿಗ್ರಿ, ರೆಕ್ಕೆ ರೆಕ್ಕೆಯ ಹಾಗೇ ಇರ್ತದೆ. ಟ್ಯೂಬ್‌ಲೈಟಿನ ಪಟ್ಟೆ ಬರ್ತದಾ ಇಲ್ಲವಾ ಅಂತಲೂ ಅದೇ ಫೋಟೋದಲ್ಲಿ ಗೊತ್ತಾಗ್ತದೆ.

ನಾನು ಥ್ಯಾಂಕ್ಸ್ ಹೇಳುವ ಮೊದಲೇ ಯಾರೋ ಎದ್ದು ಹೋಗಿ ಹಾಲಿನ ಫ್ಯಾನ್ ಐದಕ್ಕೆ ತಿರುಗಿಸಿದ್ರು. ಇಪ್ಪತ್ತು ಮೂವತ್ತು ಲೆನ್ಸು ಒಟ್ಟಿಗೆ ಮೇಲೆ ಎದ್ದವು. "ಓ ಇಲ್ಲಿ ನೋಡಿ, ನಂದು ಕತ್ತಿಯ ಹಾಗೆ ಬಂದಿದೆ", "ನಿಮ್ಮದು ತೋರಿಸಿ, ನಿಮ್ಮದು ತೋರಿಸಿ" ಅಂತ ಗಲಾಟೆ. ಆ ಹುಡುಗನ ಡಿ500ರಲ್ಲಿ ಮೂರೂ ರೆಕ್ಕೆ ನೆಟ್ಟಗೆ ಬಂದಿತ್ತು, ಅವನು ಸಾಲು ಸಾಲಿಗೆ ಹೋಗಿ ಎಲ್ಲರಿಗೂ ತೋರಿಸ್ತಾ ಇದ್ದ, ಹೊರಗೆ ಬನ್ಸ್ ಚಾ ತಣ್ಣಗಾಗ್ತಾ ಇತ್ತು.